ತಪ್ಪೊಪ್ಪಿಗೆಯ ದೃಶ್ಯ

ಸೇತುವೆ ಕುಸಿದ ಮೇಲೆ ಸರ್ಕಾರಕ್ಕೆ ತುರ್ತಾಗಿ ಒಬ್ಬ ಕಳ್ಳ ಬೇಕಾಗಿದ್ದ. ಬುದ್ಧಿಗೇಡಿಯಾದ ನಾನು ಮೂರು ತಿಂಗಳ ಮೊದಲೇ ಒಬ್ಬನನ್ನು ತಯಾರು ಮಾಡಿಟ್ಟಿದ್ದೆ.

ನಾನು ಸಿನಿಮಾ ನಿರ್ದೇಶಕ, ಅಂದರೆ ಅಕ್ಕನ ಮನೆಯಲ್ಲಿ ಊಟ ಮಾಡುವವನು. ಲಂಚಕೋರ ಮಂತ್ರಿಯನ್ನೂ ಅವನಿಗೆ ಬೆಣ್ಣೆ ಹಚ್ಚುವ ಟಿವಿ ಚಾನೆಲ್ಲನ್ನೂ ಗೇಲಿ ಮಾಡುವ ಚಿತ್ರ ತೆಗೆಯುತ್ತಿದ್ದೆ. ಅದರಲ್ಲೊಬ್ಬ ಎಂಜಿನಿಯರು ಕ್ಯಾಮೆರಾ ಮುಂದೆ ತಪ್ಪೊಪ್ಪಿಕೊಳ್ಳಬೇಕಿತ್ತು. ನಟ ಕೈಕೊಟ್ಟ. ಅಕ್ಕನ ಗಂಡ ನಿಜವಾಗಿಯೂ ಸೇತುವೆ ಎಂಜಿನಿಯರು; ಊಟದ ಬಿಡುವಿನಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡೇ ಬಂದರು. "ಹೌದು, ಸಿಮೆಂಟು ತಿಂದವನು ನಾನೇ. ಮಂತ್ರಿಗಳು ದೇವರಂಥವರು" ಎಂದು ಭಾವ ಗಂಭೀರವಾಗಿ ಹೇಳಿದಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಪ್ರಚಾರಕ್ಕೆಂದು ಆ ತುಣುಕನ್ನು ಹರಿಯಬಿಟ್ಟವನೂ ನಾನೇ. ಸೇತುವೆ ಬಿದ್ದ ಮರುದಿನ ನಿಜವಾದ ಚಾನೆಲ್ಲೊಂದು ಚಿತ್ರದ ಹೆಸರನ್ನು ಕತ್ತರಿಸಿ ಆ ತುಣುಕನ್ನೇ ಸುದ್ದಿ ಮಾಡಿತು. ಮಧ್ಯಾಹ್ನದೊಳಗೆ ಪೊಲೀಸರು ಭಾವನನ್ನೂ ನನ್ನ ಕಂಪ್ಯೂಟರನ್ನೂ ಹೊತ್ತೊಯ್ದರು. ಅದೇ ಸೇತುವೆಯ ಗುತ್ತಿಗೆದಾರನ ವಿರುದ್ಧ ಎರಡು ಸಲ ವರದಿ ಬರೆದಿದ್ದ ಮನುಷ್ಯ ಅವರು! ಆ ವರದಿಗಳು ಕಡತದಿಂದ ಮಾಯವಾಗಿದ್ದವು.

"ಅದು ಸಿನಿಮಾ ಅಂತ ಹೇಳೋ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು ಅಕ್ಕ.

ಪೊಲೀಸರಿಗೆ ಹೇಳಿದೆ. "ಟಿವೀಲೇ ಬಂದಿದೆಯಲ್ರೀ. ಸುಳ್ಳು ಅಂತ ಟಿವಿಯೋರೇ ಹೇಳ್ಲಿ" ಎಂದರು.

ಉಳಿದಿದ್ದ ಒಂದೇ ಡ್ರೈವನ್ನು ಜೇಬಿಗೆ ಹಾಕಿಕೊಂಡು ಚಾನೆಲ್ಲಿಗೆ ಓಡಿದೆ. ಅದರಲ್ಲಿ ಆ ದೃಶ್ಯದ ಹನ್ನೊಂದು ಟೇಕುಗಳಿದ್ದವು. ಪ್ರತಿಯೊಂದಕ್ಕೂ ಮೊದಲು ಕ್ಲ್ಯಾಪ್ ಬೋರ್ಡು, ಕೊನೆಯಲ್ಲಿ ನನ್ನ "ಕಟ್", ಆಮೇಲೆ ಭಾವನ ನಗು. ಸಂಪಾದಕರು ಪೂರ್ತಿ ನೋಡಿ ನನ್ನ ಭುಜ ತಟ್ಟಿದರು.

"ಛೇ, ಎಂಥ ಅನ್ಯಾಯ! ಡ್ರೈವ್ ಇಲ್ಲೇ ಇರ್ಲಿ. ಸಂಜೆ ಏಳಕ್ಕೆ ಹಾಕ್ತೀವಿ, ಮನೆಯವ್ರೆಲ್ಲ ಕೂತು ನೋಡಿ."

ನನಗೆ ಅಳು ಬಂತು. ಅವರ ಕೈ ಹಿಡಿದವನು ಬಹಳ ಹೊತ್ತು ಬಿಡಲೇ ಇಲ್ಲ.

ಏಳಕ್ಕೆ ಅಕ್ಕ ಟಿವಿಯ ಮುಂದೆ ನೆಲದ ಮೇಲೆ ಕೂತಳು. ಕ್ಲ್ಯಾಪ್ ಬೋರ್ಡು ಇರಲಿಲ್ಲ, "ಕಟ್" ಇರಲಿಲ್ಲ. ನಗುವನ್ನು ಮಾತ್ರ ಉಳಿಸಿಕೊಂಡಿದ್ದರು. ಭಾವ ಹೇಳಿದ್ದನ್ನೇ ಹೇಳುತ್ತಿದ್ದರು, ನಗುತ್ತಿದ್ದರು, ಮತ್ತೆ ಹೇಳುತ್ತಿದ್ದರು. "ಹನ್ನೊಂದು ಬಾರಿ ತಪ್ಪೊಪ್ಪಿಗೆ! ಪಶ್ಚಾತ್ತಾಪವೇ ಇಲ್ಲ!" ಎಂದು ಕೆಂಪು ಅಕ್ಷರಗಳು ಓಡಿದವು. ಕೆಳಗೆ ಸಣ್ಣದಾಗಿ, "ದೃಶ್ಯ: ಕುಟುಂಬದವರಿಂದ".

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕ ಪರದೆಯ ಹತ್ತಿರ ಸರಿದು ಗಂಡನ ಮುಖ ನೋಡಿದಳು.

"ಅವರು ನಗ್ತಿರೋದು ನಿನ್ನ ನೋಡಿ ಅಲ್ವೇನೋ?" ಎಂದು ಕೇಳಿದಳು.