ರಕ್ಷಣೆಯಲ್ಲಿದ್ದ ಮಗ

ಅವ್ವ ಅಣ್ಣನ ಹಣೆಗೆ ರಕ್ಷೆ ಇಡುತ್ತಿದ್ದುದು ಹೆಬ್ಬೆರಳಿನಿಂದ. ಗುಡಿಯಿಂದ ತಂದ ಕಪ್ಪಿಗೆ ಒಂದು ತೊಟ್ಟು ತುಪ್ಪ ಕಲಸಿ, ಎರಡು ಹುಬ್ಬುಗಳ ನಡುವೆ ಒತ್ತಿ, ಬೆರಳನ್ನು ಕೂದಲಿನವರೆಗೂ ಮೇಲಕ್ಕೆ ಎಳೆಯುತ್ತಿದ್ದಳು. ಊರು ಬಿಡುವವರಿಗೆಲ್ಲ ನಮ್ಮ ಮನೆಯಲ್ಲಿ ಇದೊಂದು ಆಗಲೇಬೇಕು. ಪಕ್ಕದೂರಿನ ಸಂತೆಗೆ ಹೊರಟ ನನ್ನನ್ನೂ ಅವಳು ಬಿಟ್ಟವಳಲ್ಲ.

ಅಣ್ಣ ನಂಜುಂಡನಿಗೆ ಸರ್ಕಾರಿ ಕೆಲಸ ಸಿಕ್ಕಾಗ ಯಾವ ಇಲಾಖೆ ಎಂದು ಅವ್ವ ಕೇಳಿದಳು. ರಕ್ಷಣಾ ಇಲಾಖೆ ಎಂದ ಅವನು. ಅಕ್ಷರ ಬಾರದ ಅವ್ವನ ಕಿವಿಗೆ ಬಿದ್ದದ್ದು ಆ ಮೊದಲ ಮಾತು ಮಾತ್ರ. ರಕ್ಷೆ ಇಡುವವರು ಸರ್ಕಾರದಲ್ಲೂ ಇದ್ದಾರೆ, ಮಗ ಅವರ ಕೈಗೆ ಸೇರಿದ ಎಂದುಕೊಂಡಳು. ಅಣ್ಣ ತಿದ್ದಲಿಲ್ಲ. ತನ್ನನ್ನು ಸಿಪಾಯಿಗಳ ಅಡುಗೆಮನೆಗೆ ಹಾಕಿದ್ದಾರೆ, ಸೌಟು ಬಿಟ್ಟು ಬೇರೇನನ್ನೂ ಹಿಡಿಯಬೇಕಿಲ್ಲ ಎಂದೂ ಸೇರಿಸಿದ. ಅಂದಿನಿಂದ ಮಗ ಎಲ್ಲಿದ್ದಾನೆಂದು ಯಾರು ಕೇಳಿದರೂ ಅವ್ವನದು ಒಂದೇ ಉತ್ತರ: "ರಕ್ಷಣೇಲವ್ನೆ." ಆ ಇಲಾಖೆಗೆ ಮಕ್ಕಳನ್ನು ಕಳಿಸಿದ್ದ ಎಲ್ಲ ಮನೆಗಳಲ್ಲೂ ಹಾಗೇ ಹೇಳುವ ರೂಢಿ. ಆದರೆ ಅವ್ವ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಬಂದವಳಂತೆ ನೆಮ್ಮದಿಯಾಗಿರುತ್ತಿದ್ದಳು.

ಹಿಟ್ಟಿನ ಗಿರಣಿಯ ದ್ಯಾವಪ್ಪ ತನ್ನ ಕಿರಿಯ ಮಗಳು ಚಿಕ್ಕತಾಯಿಯನ್ನು ಅಣ್ಣನಿಗೆ ಕೊಡಲು ಒಪ್ಪಿದ್ದೂ ಆ ಮಾತಿನ ಮೇಲೆಯೇ. ಅವನ ಹಿರಿಯ ಮಗಳು ಮದುವೆಯಾದ ವರ್ಷದಲ್ಲೇ ಗಂಡನನ್ನು ಕಳೆದುಕೊಂಡು ತವರು ಸೇರಿದ್ದಳು. ಹುಡುಗ ಭದ್ರವಾಗಿರಬೇಕು, ಮಿಕ್ಕಿದ್ದೇನೂ ತನಗೆ ಬೇಡ ಎನ್ನುತ್ತಿದ್ದ. ತಾಂಬೂಲ ಬದಲಾಯಿತು. ಅಣ್ಣ ರಜೆಗೆ ಬಂದಾಗ ಮದುವೆ ಎಂದು ನಿಶ್ಚಯವಾಯಿತು. ಚಿಕ್ಕತಾಯಿಗೆ ಅಣ್ಣನೆಂದರೆ ಇಷ್ಟವೆಂಬುದು ಊರಿಗೇ ತಿಳಿದಿತ್ತು, ಅಣ್ಣನಿಗಂತೂ ಕೇಳುವುದೇ ಬೇಡ.

ಅಷ್ಟರಲ್ಲಿ ಇಲಾಖೆಯ ಹೆಸರು ಬದಲಾಯಿತು. ಒಂದು ಬೆಳಿಗ್ಗೆ ಸರ್ಕಾರಿ ಗಾಡಿ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತಿತು. ರಕ್ಷಣಾ ಇಲಾಖೆಯನ್ನು ಇನ್ನು ಮುಂದೆ ಯುದ್ಧ ಇಲಾಖೆ ಎಂದು ಕರೆಯತಕ್ಕದ್ದು, ಕಾಯುತ್ತ ಕೂರುವ ಕಾಲ ಮುಗಿಯಿತು, ಇದು ಗೆಲ್ಲುವ ಕಾಲ ಎಂದು ಒಳಗೆ ಕುಳಿತವನು ಓದಿದ. ನಮ್ಮ ಬೀದಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ಹೆಸರು ತಾನೇ, ಅದೇ ಬೂಟು ಅದೇ ಕೋವಿ ಎಂದರು ಶಾಲೆಯ ಮೇಷ್ಟ್ರು. ನನಗೂ ಏನೂ ಅನ್ನಿಸಲಿಲ್ಲ. ಬಾವಿಯಲ್ಲಿ ನೀರು ಸೇದುತ್ತಿದ್ದೆ, ಗಾಡಿ ದಾಟಿದ ಮೇಲೆ ಮತ್ತೆ ಸೇದಿದೆ.

ತೊಂದರೆ ಶುರುವಾದದ್ದು ಮಾತಿನಲ್ಲಿ. ಪಕ್ಕದ ಮನೆಯಾಕೆ ಎಂದಿನಂತೆ ಮಗ ಎಲ್ಲಿದ್ದಾನೆ ಎಂದು ಕೇಳಿದಾಗ ಅವ್ವ ಬಾಯಿ ತೆರೆದವಳು ಹಾಗೇ ನಿಂತಳು. ಹಳೆಯ ಮಾತು ಹೇಳೋಣವೆಂದರೆ ಸರ್ಕಾರವೇ ಅದನ್ನು ಅಳಿಸಿದೆ. ಹೊಸದನ್ನು ಹೇಳುವುದಾದರೆ "ಯುದ್ಧದಲ್ಲವ್ನೆ" ಎನ್ನಬೇಕು. ಹೆತ್ತ ಬಾಯಲ್ಲಿ ಅದು ಬರುವುದಾದರೂ ಹೇಗೆ? ಅಲ್ಲೇ ಅವ್ನೆ ಎಂದಷ್ಟೇ ಹೇಳಿ ಅವಳು ಒಳಗೆ ಬಂದುಬಿಟ್ಟಳು.

ದ್ಯಾವಪ್ಪನ ಪಾಡೂ ಅದೇ ಆಗಿತ್ತು. ಅಳಿಯ ಎಲ್ಲಿರುವುದು ಎಂದು ಗಿರಣಿಗೆ ಬಂದವರು ಕೇಳುತ್ತಿದ್ದರು. ಉತ್ತರ ಕೇಳಿಸಿಕೊಂಡು, ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದ ಹಿರಿಯ ಮಗಳ ಕಡೆಗೊಮ್ಮೆ ನೋಡಿ ಸುಮ್ಮನಾಗುತ್ತಿದ್ದರು. ಅದನ್ನು ತಡೆಯಲಾರದೆ ಅವನು ಒಂದು ದಿನ ನಮ್ಮ ಮನೆಗೇ ಬಂದ.

"ನಾನು ಮಾತು ಮುರಿಯೋನಲ್ಲ ಕಣಕ್ಕ. ನಂಜುಂಡ ಬರ್ಲಿ, ಅವನನ್ನೇ ಕೇಳು. ಸೌಟು ಬಿಟ್ಟು ಬೇರೆ ಏನೂ ಹಿಡಿಯೋದಿಲ್ಲ ಅಂತ ನಿನ್ನ ಬಾಯಲ್ಲಿ ನೀನು ನನಗೆ ಹೇಳು. ಅಷ್ಟು ಸಾಕು."

ಅದಕ್ಕೇನಂತೆ, ಈಗಲೇ ಬೇಕಾದರೂ ಹೇಳುತ್ತೇನೆ ಎಂದಳು ಅವ್ವ. ಬೇಡ, ಅವನನ್ನು ಕೇಳಿಯೇ ಹೇಳು ಎಂದು ದ್ಯಾವಪ್ಪ ಎದ್ದು ಹೋದ.

ಅಣ್ಣ ಬಂದ. ಸೊರಗಿದ್ದ, ನಗುವಿಗೇನೂ ಕಡಿಮೆಯಿರಲಿಲ್ಲ. ಮನೆಗೆ ಬಂದವನಿಗೂ ಅವ್ವ ರಕ್ಷೆ ಇಟ್ಟಳು. ಹಣೆಯಿಂದ ಮೇಲಕ್ಕೆ ಹೋದ ಹೆಬ್ಬೆರಳು ಕೂದಲಿನ ಅಂಚಿನಲ್ಲಿ ತಡೆದು ನಿಂತಿತು. ಅಲ್ಲಿ ಹೊಲಿಗೆ ಹಾಕಿದ ಗುರುತಿತ್ತು. ಕಡಾಯಿಯ ಅಂಚು ಬಡಿಯಿತು ಎಂದ ಅಣ್ಣ. ಅವ್ವ ನಂಬಿದಳು, ನಂಬುವುದು ಅವಳಿಗೆ ಬೇಕಾಗಿತ್ತು.

ಮಾರನೆಯ ದಿನ ಅವಳೇ ಆಸೆಪಟ್ಟು ಅವನನ್ನು ಒಲೆಯ ಮುಂದೆ ಕೂರಿಸಿದಳು. ಅಷ್ಟು ಜನಕ್ಕೆ ಬೇಯಿಸಿ ಹಾಕುವವನು ಹೆತ್ತವಳಿಗೂ ಒಂದು ಹೊತ್ತು ಮುದ್ದೆ ಮಾಡಿ ಹಾಕಲಿ ಎಂದು ರೇಗಿಸಿದಳು. ಅಣ್ಣ ಇಲ್ಲವೆನ್ನಲಿಲ್ಲ. ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟ. ಎಸರು ಕಾಯುವ ಮೊದಲೇ ರಾಗಿ ಹಿಟ್ಟನ್ನೆಲ್ಲ ಒಂದೇ ಸಲಕ್ಕೆ ಸುರಿದು, ಆಮೇಲೆ ಕೋಲಿಗಾಗಿ ಅತ್ತಿತ್ತ ನೋಡಿದ. ಹಿಟ್ಟು ಗಂಟುಗಂಟಾಯಿತು. ನಮ್ಮ ಕಡೆ ಮುದ್ದೆ ತಿರುವುವುದು ಲಂಗ ಹಾಕುವ ಹುಡುಗಿಯರಿಗೂ ಗೊತ್ತು. ಅವ್ವ ಸ್ವಲ್ಪ ಹೊತ್ತು ನೋಡಿದಳು. ನಗು ಅವಳ ಮುಖದಿಂದ ಮೆಲ್ಲಗೆ ಇಳಿದು ಹೋಯಿತು. ಅವನ ಕೈಯಿಂದ ಕೋಲು ತೆಗೆದುಕೊಂಡು ಪಾತ್ರೆ ಕೆಳಗಿಟ್ಟಳು.

"ಯಾವಾಗಿಂದ?" ಎಂದಳು.

"ಅಡುಗೆಮನೇಲಿ ಒಂದು ಚಳಿಗಾಲ ಇದ್ದೆ, ಸೌದೆ ಒಡೆಯೋಕೆ. ಆಮೇಲೆಲ್ಲ ಗಡೀಲೇ." ಅಣ್ಣ ಒಲೆಯನ್ನೇ ನೋಡುತ್ತಿದ್ದ. "ಹೆಸರು ಈಗ ಬದ್ಲಾಗಿದ್ದು ಕಣವ್ವ. ಕೆಲಸ ಮೊದ್ಲಿಂದ್ಲೂ ಅದೇ."

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ದ್ಯಾವಪ್ಪನಿಗೆ ಸೌಟು ಎಂದೇ ಹೇಳಿಬಿಡು ಎಂದು ಅಣ್ಣ ಕೇಳಿಕೊಂಡ. ಒಂದು ಮಾತಿನಿಂದ ತನಗೊಂದು ಮನೆಯಾಗುತ್ತದೆ, ಚಿಕ್ಕತಾಯಿಗೂ ಬೇರೆ ಯಾರೂ ಬೇಡ ಎಂದ. ಜೀವಮಾನದಲ್ಲಿ ಅವನು ಅವ್ವನನ್ನು ಏನಾದರೂ ಬೇಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವ್ವ ಸೆರಗು ಹೊದ್ದು ಹೊರಟಳು, ನಾನು ಹಿಂದೆ ಹೋದೆ.

ಗಿರಣಿ ಓಡುತ್ತಿತ್ತು. ಚಿಕ್ಕತಾಯಿ ಜರಡಿ ಹಿಡಿದು ಹಿಟ್ಟು ಸೋಸುತ್ತಿದ್ದವಳು ನಮ್ಮನ್ನು ಕಂಡು ನಾಚಿದಳು. ಅವಳ ಅಕ್ಕ ಬಳೆಯಿಲ್ಲದ ಕೈಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದಳು. ಅವ್ವ ಒಬ್ಬಳನ್ನು ನೋಡಿದಳು, ಇನ್ನೊಬ್ಬಳನ್ನು ನೋಡಿದಳು. ಆ ಕ್ಷಣದವರೆಗೂ ಅವಳು ಏನು ಹೇಳಬೇಕೆಂದು ಗಟ್ಟಿ ಮಾಡಿರಲಿಲ್ಲವೆಂದೇ ನನ್ನ ನಂಬಿಕೆ. ಅವಳ ತುಟಿ ಅಲುಗಿತು. ಯಂತ್ರದ ಸದ್ದಿನಲ್ಲಿ ದ್ಯಾವಪ್ಪನಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಿಡಿದ. ಆಮೇಲೆ ಹೋಗಿ ಗಿರಣಿ ನಿಲ್ಲಿಸಿದ. ಯಂತ್ರದ ಬೆಲ್ಟು ತಿರುಗಿ ತಿರುಗಿ ನಿಂತಿತು.

ಅವ್ವ ಅದನ್ನು ಎರಡನೆಯ ಸಲ ಹೇಳಬೇಕಾಯಿತು. "ಯುದ್ಧದಲ್ಲವ್ನೆ," ಎಂದಳು.

ದ್ಯಾವಪ್ಪ ತಲೆ ತಗ್ಗಿಸಿದ. ಚಿಕ್ಕತಾಯಿ ಜರಡಿ ಹಿಡಿದಲ್ಲೇ ಹಿಡಿದು ನಿಂತಳು. ನಿಂತ ಗಿರಣಿಯೊಳಗೆ ಗಾಳಿಯಲ್ಲಿದ್ದ ಹಿಟ್ಟು ಮೆಲ್ಲಗೆ ಕೆಳಗಿಳಿದು ನಮ್ಮೆಲ್ಲರ ಮೇಲೆ ಕೂತಿತು.

ನಾವು ಮನೆಗೆ ಬಂದಾಗ ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವ್ವನ ಮುಖ ನೋಡಿದ. ಹೆಗಲ ಮೇಲಿನ ಟವೆಲು ತೆಗೆದು ಅವಳ ತಲೆಯ ಹಿಟ್ಟನ್ನು ಒರೆಸತೊಡಗಿದ. ಕಪ್ಪು ಕೂದಲು ಕಾಣುವವರೆಗೂ ಅವನು ಒರೆಸುತ್ತಲೇ ಇದ್ದ, ಅವ್ವ ತಲೆ ಬಾಗಿಸಿಕೊಂಡು ನಿಂತೇ ಇದ್ದಳು.