ಗಡಿಕಲ್ಲಿನ ಒಳಗೆ ಬಂದ ಶಾಂಪೇನು

ಭೂತಪ್ಪ ಅವಸರದ ದೇವರಲ್ಲ. ಕಾನಸೂರಿನ ಆಚೆಯ ಬನದಲ್ಲಿ, ಮತ್ತಿಮರದ ಬುಡದಲ್ಲಿ ಕಲ್ಲಾಗಿ ಕೂತು ಕಾಯುವುದು ಅವನಿಗೆ ಗೊತ್ತು. ಅವನ ಪೂಜೆ ಮಾಡುತ್ತ ಮಾಡುತ್ತ ಕೆರಿಯನೂ ಕಾಯುವುದನ್ನು ಕಲಿತಿದ್ದ.

ಕೆರಿಯನ ಮಗ ರಾಘು ಮತ್ತು ಗಿರೀಶ ಒಂದೇ ಬೈಕಿನಲ್ಲಿ ತಿರುಗಿದವರು. ಒಂದು ಸಂಜೆ ಆ ಬೈಕು ಬಡಿದು ಪಾರ್ವತವ್ವನ ಗಂಡ ರಸ್ತೆಯಲ್ಲೇ ಪ್ರಾಣಬಿಟ್ಟ. ಕುಡಿದು ಓಡಿಸಿದವನು ಗಿರೀಶ. ತಲೆಗೆ ಪೆಟ್ಟಾಗಿ ಬಿದ್ದಿದ್ದ ರಾಘುವಿಗೆ ಎಚ್ಚರ ಬರುವಷ್ಟರಲ್ಲಿ, ಓಡಿಸಿದ್ದು ರಾಘು ಎಂದು ಗಿರೀಶ ಪೊಲೀಸರಿಗೆ ಹೇಳಿಯಾಗಿತ್ತು. ಊರೂ ನಂಬಿತು. ರಾಘು ಜೈಲು ಕಂಡು ಬಂದ. ಪಾರ್ವತವ್ವ ಕೆರಿಯನ ಕೈಯ ಪ್ರಸಾದ ಮುಟ್ಟುವುದನ್ನೇ ಬಿಟ್ಟಳು. ಗಿರೀಶ ಬೆಂಗಳೂರಿಗೆ ಹೋಗಿ ಸಿನಿಮಾ ಹೀರೋ ಆದ.

ಈಗ ಅವನು ಫ್ರಾನ್ಸಿನ ಕಂಪನಿಯೊಂದರ ಜೊತೆ ಸೇರಿ ಶಾಂಪೇನು ಮಾಡಿಸಿದ್ದ. ಒಂದೇ ವರ್ಷದ ದ್ರಾಕ್ಷಿಯದು, ಕೆಲವೇ ಬಾಟಲಿ, ಪ್ರತಿಯೊಂದರ ಮೇಲೂ ಅವನ ಸಹಿ. ಸಂಜೆ ಯಲ್ಲಾಪುರದ ರೆಸಾರ್ಟಿನಲ್ಲಿ ಬಿಡುಗಡೆ. ಅದಕ್ಕೂ ಮೊದಲು ಊರ ಭೂತಪ್ಪನಿಗೆ ಒಂದು ಬಾಟಲಿ ಒಪ್ಪಿಸುವುದನ್ನು ಮೊಬೈಲಿನಲ್ಲಿ ಲೈವ್ ತೋರಿಸಲು ಬಂದಿದ್ದ.

"ಬಾಟಲಿ ಮೇಲೆ ಎಂತ ಬರದ್ದಾ ತಮಾ?" ಕೆರಿಯ ಕೇಳಿದ.

"ದ್ರಾಕ್ಷಿ ಬೆಳೆದ ವರ್ಷ, ಮಾವ. ನನ್ನ ನಸೀಬು ತೆರೆದ ವರ್ಷ ಅಂತ ನಾನೇ ಆರಿಸಿದ್ದು."

ರಾಘುವನ್ನು ಪೊಲೀಸರು ಒಯ್ದ ವರ್ಷ. ಕೆರಿಯ ಕಲ್ಲಿಗೆ ಕುಂಕುಮ ಹಚ್ಚಿ, ಮೆಲ್ಲಗೆ ತಿರುಗಿದ.

"ಒಂದೇ ಯಾಕಾ? ಪೆಟ್ಟಿಗೆ ಪೂರಾ ತಗಂಡ್ ಬಾ. ಭೂತಪ್ಪನೂ ನೋಡ್ಲಿ, ನಿನ್ನ ಮೊಬೈಲಿಗೂ ಚಂದ."

ಗಿರೀಶ ಹಿಗ್ಗಿ, ಕಾರಿನಲ್ಲಿದ್ದ ಪೆಟ್ಟಿಗೆಯನ್ನು ಬನದ ಗಡಿಕಲ್ಲು ದಾಟಿಸಿ ತರಿಸಿದ. ನೆರೆದ ಜನರಲ್ಲಿ ಗುಜುಗುಜು ಎದ್ದಿತು. ಗಡಿಕಲ್ಲು ದಾಟಿ ಬಂದ ಹೆಂಡ ಭೂತಪ್ಪನದು. ಅಲ್ಲೇ ಸುರಿಯಬೇಕು, ಹೊರಗೆ ಒಯ್ಯುವಂತಿಲ್ಲ. ಆ ಬನದಲ್ಲೇ ಆಡಿ ಬೆಳೆದ ಗಿರೀಶನಿಗೆ ಅದು ನೆನಪಾಗಿ ಮುಖ ಬಿಳುಚಿತು.

"ಮಾವ, ಸಂಜೆಗೆ ಬೇರೆ ಇಲ್ಲ. ದೊಡ್ಡದೊಡ್ಡವರು ಬರ್ತಾರೆ."

"ಪೂಜಾರಿ ಅಪ್ಪಣೆ ಕೇಳಿದ್ರೆ ಭೂತಪ್ಪ ಬಿಟ್ಟು ಕೊಡ್ತಾನೆ. ನೀನು ಕಲ್ಲು ಮುಟ್ಟಿ ಒಂದು ಮಾತು ಹೇಳು. ಬೈಕ್ ಓಡಿಸಿದ್ದು ಯಾರು?"

ಗಿರೀಶ ಲೈವ್ ಹಿಡಿದಿದ್ದವನತ್ತ ನೋಡಿದ. ಕೆರಿಯ ಒಂದು ಬಾಟಲಿ ಬಿಚ್ಚಿ ಕಲ್ಲಿನ ಮೇಲೆ ಸುರಿದ. ನೊರೆ ಎದ್ದು ತರಗೆಲೆಯ ಮೇಲೆ ಹರಿಯಿತು.

"ಯಾರು?"

ಮತ್ತೊಂದು ಬಾಟಲಿ. ಕೆರಿಯನ ದನಿ ಏರಲಿಲ್ಲ. ಮಂತ್ರ ಹೇಳುವ ಹಾಗೆ ಕೇಳುತ್ತಲೇ ಹೋದ.

"ಹೇಳ್ಬಿಡಾ, ನಿನ್ನ ನಸೀಬು ಮಣ್ಣು ಕುಡೀತಾ ಇದೆ!" ಯಾರೋ ಕೂಗಿದರು. ಪಡ್ಡೆ ಹುಡುಗರು ನಕ್ಕರು.

ಪೆಟ್ಟಿಗೆಯಲ್ಲಿ ಕೊನೆಯದೊಂದು ಉಳಿದಾಗ ಗಿರೀಶನ ಕೈ ಕಲ್ಲಿಗೆ ತಾಗಿತು.

"ನಾನೇ ಓಡಿಸಿದ್ದು. ರಾಘು ಹಿಂದೆ ಕೂತಿದ್ದ. ನಾನು ಕುಡಿದಿದ್ದೆ."

ನಗು ನಿಂತಿತು. ಗಿರೀಶ ಕೊನೆಯ ಬಾಟಲಿಗೆ ಕೈ ಚಾಚಿದ. ಕೊಟ್ಟ ಮಾತಿನಂತೆ ಬಿಡಬೇಕಿತ್ತು. ಆದರೂ ಕೆರಿಯನ ಕೈ ಅಡ್ಡ ಬಂತು. ಅಷ್ಟರಲ್ಲಿ ಪಾರ್ವತವ್ವ ಜನರನ್ನು ಸರಿಸಿ ಮುಂದೆ ಬಂದಳು. ಗಿರೀಶನತ್ತ ನೋಡಲೂ ಇಲ್ಲ.

"ಕೆರಿಯಾ," ಅಂದಳು, "ಅದನ್ನೂ ಸುರಿ."

ಕೆರಿಯ ಸುರಿದ.