ತೌಫೀಕನ ಕಾರಿಗೆ ಅಮ್ಮ ಇಟ್ಟ ಕುಂಕುಮ

ಬಾನೆಟ್ಟಿನ ಮೇಲೆ ಮುಂಗೈ ಇಟ್ಟು ನೋಡುತ್ತೇನೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ, ಬಿಸಿಯಿಲ್ಲ, ತಗಡಿನ ಮಾಡಿನ ಕೆಳಗೆ ಇನ್ನೂ ನೆರಳಿದೆ, ಅಬುಧಾಬಿಯ ಬನಿಯಾಸಿನ ಈ ಕಂಪೌಂಡಿನೊಳಗೆ ಬಿಸಿಲು ನುಗ್ಗುವ ಮೊದಲು ಮುಗಿಸಬೇಕು, ಲೋಹ ಕಾದರೆ ಈ ಸೀಲೆಂಟ್ ಪಾಲಿಶ್ ಹಚ್ಚಿದಲ್ಲೇ ಒಣಗಿ ಕೂರುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಬೂದು ಬೂದು ಪಟ್ಟಿ — ವ್ಯಾಕ್ಸ್ ಹಾಕಿ ಜಯಣ್ಣ, ಅದರ ಪರಿಮಳ ಒಳ್ಳೆಯದುಂಟು ಅಂದಿದ್ದ ತೌಫೀಕ್, ನಿನ್ನೆ ಕಾರು ತಂದು ಬಿಡುವಾಗ, ಪರಿಮಳ ಬೇಕಾದರೆ ಅತ್ತರು ಹಾಕಿಕೋ ಮಾರಾಯ, ಈ ಸೆಕೆಗೆ ವ್ಯಾಕ್ಸ್ ಬೆಣ್ಣೆಯ ಹಾಗೆ ಕರಗ್ತದೆ, ತಿಂಗಳು ನಿಲ್ಲುವುದಿಲ್ಲ, ಸೀಲೆಂಟ್ ಆದರೆ ಚಳಿಗಾಲದವರೆಗೆ ಚಿಂತೆಯಿಲ್ಲ ಅಂದೆ, ನಕ್ಕ, ನೀವು ಹೇಳಿದ ಮೇಲೆ ಆಯ್ತು, ನಾಡಿದ್ದು ದುಬೈಯ ದೇರಾದಲ್ಲಿ ಅಕ್ಕನ ಮಗಳ ನಿಕಾಹ್, ಮದುಮಗಳನ್ನು ಇದರಲ್ಲೇ ಕರ್ಕೊಂಡು ಹೋಗ್ಲಿಕ್ಕುಂಟು, ಕನ್ನಡಿ ಹಾಗೆ ಮಾಡಿಕೊಡಿ — ಕಪ್ಪು ಕಾರಾದರೆ ಹೊಳಪು ತರುವುದು ಸುಲಭ, ಬಿಳಿಯಲ್ಲಿ ಕಷ್ಟ, ತೊಳೆದು, ಜೇಡಿಯಂಥ ಮೆತ್ತನೆ ಮುದ್ದೆಯಲ್ಲಿ ಸವರಿ ಬಣ್ಣಕ್ಕೆ ಕಚ್ಚಿಕೊಂಡ ಮರಳನ್ನೆಲ್ಲ ಎತ್ತಿ, ಸ್ಪಿರಿಟಿನಲ್ಲಿ ಒರೆಸಿ ಜಿಡ್ಡು ತೆಗೆದು, ಆಮೇಲೆ ತೆಳ್ಳಗೆ ಒಂದು ಕೈ, ಒಂದು ಬಾಗಿಲು ಮುಗಿಸಿ ಇನ್ನೊಂದು, ಮಬ್ಬು ಕಟ್ಟುವವರೆಗೆ ಕಾದು ಒರೆಸಿ ಬಿಡುವುದು, ಮತ್ತೆ ರಾತ್ರಿಯವರೆಗೆ ಒಂದು ಹನಿ ನೀರು ತಾಗಬಾರದು, ಅಷ್ಟರವರೆಗೆ ಅದು ಹಸಿ ಸಿಮೆಂಟಿನ ಹಾಗೆ, ಬಿದ್ದದ್ದೆಲ್ಲ ಒಳಗೇ ಉಳಿಯುತ್ತದೆ, ಇನ್ನು ಈ ಬಾನೆಟ್ಟೊಂದು ಒರೆಸಿದರೆ ಖಲಾಸ್.

ಮೇಲೆ ನಮ್ಮ ಕಿಟಕಿಯ ಪರದೆ ಅಲುಗಿತೋ, ಇಲ್ಲ, ಎಸಿಯ ಗಾಳಿ ಇರಬೇಕು, ಅಮ್ಮ ಟೀವಿ ಮುಂದೆ ಕೂತಿದ್ದಾಳೆ, ಹೆಂಡತಿ ಲೋಲಾಕ್ಷಿಗೆ ಇವತ್ತು ಭಾನುವಾರವೂ ಕ್ಲಿನಿಕ್ಕಿನಲ್ಲಿ ಡ್ಯೂಟಿ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು, ಇವತ್ತಾದ್ರೂ ನಿಮ್ಮ ಅಮ್ಮನತ್ರ ಹೇಳಿಬಿಡಿ, ನನ್ನ ಬಾಯಿಂದ ಹೇಳಿಸ್ಬೇಡಿ — ಏನು ಹೇಳುವುದು, ನಾನಿದ್ದ ಮುಸಫ್ಫಾದ ಕಂಪೆನಿಗೆ ಬೀಗ ಬಿದ್ದಿದೆ, ಸ್ಟೋರ್ ಕೀಪರ್ ಜಯಪಾಲ ಈಗ ಹೆಂಡತಿಯ ವೀಸಾದ ಮೇಲೆ ಇಲ್ಲಿದ್ದಾನೆ, ಪರಿಚಯದವರ ಕಾರು ತೊಳೆದು ಪಾಲಿಶ್ ಹಾಕುತ್ತಾನೆ, ಎರಡು ವಾಕ್ಯ, ಅಮ್ಮ ವಿಸಿಟ್ ವೀಸಾದಲ್ಲಿ ಬಂದಿಳಿದ ದಿನ ಏರ್‌ಪೋರ್ಟಿನ ಟ್ಯಾಕ್ಸಿಯಲ್ಲೇ ಹೇಳಬೇಕೆಂದಿದ್ದೆ, ಅವಳು ಹಾದಿಯುದ್ದಕ್ಕೂ ದೀಪ ನೋಡುತ್ತಾ ಕೂತಿದ್ದಳು, ಇಷ್ಟು ಕರೆಂಟು ಉರಿಸ್ತಾರಲ್ಲ ಇವರಿಗೆ ಬಿಲ್ಲು ಬರುವುದಿಲ್ವಾ ಅಂತ ಕೇಳಿದಳು, ನಗು ಬಂತು, ಮಾತು ಹೋಯಿತು, ಮರುದಿನದಿಂದ ಇಸ್ತ್ರಿ ಹಾಕಿದ ಶರ್ಟು ತೊಟ್ಟು ಆಫೀಸಿಗೆಂದು ಹೊರಡುತ್ತೇನೆ, ಚೀಲದಲ್ಲಿ ಬಟ್ಟೆ, ಸ್ಪಂಜು, ಬಾಟಲಿ, ಯಾರದೋ ವಿಲ್ಲಾದ ಮುಂದೆ ಶರ್ಟು ಕಳಚಿ ಗೇಟಿಗೆ ತೂಗುಹಾಕಿ ಬನಿಯನಿನಲ್ಲಿ ಕೆಲಸ, ಸಂಜೆ ಅದೇ ಶರ್ಟು ತೊಟ್ಟು ವಾಪಸು, ಎಂಥ ಆಫೀಸು ಮಗಾ ನಿನ್ನದು, ಶರ್ಟಿಗೆ ಒಂದು ಕಲೆ ಇಲ್ಲ, ಅಂದಳು ಮೊನ್ನೆ, ಮೆಚ್ಚಿ ಹೇಳಿದ್ದು — ದುಡಿಯುವುದರಲ್ಲಿ ಎಂಥ ನಾಚಿಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ, ದಿನಾ ಹೇಳಿಕೊಳ್ಳುತ್ತೇನೆ, ದಿನಾ ಹೇಳಿಕೊಳ್ಳಬೇಕಾಗುತ್ತದಲ್ಲ.

ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ, ಎಳೆದು ಎಳೆದು ಇಡುವ ಹೆಜ್ಜೆ, ಬಾನೆಟ್ಟು ಒರೆಸಿ ಮುಗಿಸಿದ ಬಟ್ಟೆ ಬಕೆಟ್ಟಿಗೆ ಹಾಕಿ ಎದ್ದು ನಿಂತರೆ ಅಮ್ಮ, ಒಳ್ಳೆ ಸೀರೆ ಉಟ್ಟಿದ್ದಾಳೆ, ಊರಿಂದ ತಂದ ಕೆಂಪು ಅಂಚಿನದ್ದು, ಕೈಯಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಒಡೆದ ತೆಂಗಿನಕಾಯಿ, ಬೆಲ್ಲದ ತುಂಡು, ಲಿಂಬೆಹಣ್ಣು, ಕುಂಕುಮದ ಕರಡಿಗೆ, ಲೋಟದಲ್ಲಿ ನೀರು — ಕಳ್ಳ, ಅಂತಾಳೆ, ನನ್ನಿಂದಲೂ ಅಡಗಿಸಿಟ್ಟಿದ್ದಿಯಲ್ಲ, ಇದೆಂಥ ಅಮ್ಮ ಅಂತೇನೆ, ಎಂಥದ್ದು ಅಂತ ನನ್ನನ್ನು ಕೇಳ್ತಿಯಾ, ಬೆಳಿಗ್ಗೆಯಿಂದ ಕಿಟಕಿಯಲ್ಲಿ ನೋಡ್ತಾ ಇದ್ದೇನೆ, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಹಚ್ತಿ, ದೂರ ನಿಂತು ನೋಡ್ತಿ, ಪುನಃ ಬಂದು ಉಜ್ತಿ, ಬೇರೆಯವರ ಗಾಡಿಯನ್ನು ಯಾರಾದ್ರೂ ಹೀಗೆ ಉಜ್ತಾರಾ, ಲೋಲಾಕ್ಷಿ ಬಾಗಿಲಲ್ಲಿ ಗುಸುಗುಸು ಮಾಡಿದ್ದೂ ಕೇಳಿದೆ, ಅಮ್ಮನತ್ರ ಹೇಳಿಬಿಡಿ ಅಂತ, ಕಿವಿ ಇನ್ನೂ ಹೋಗ್ಲಿಲ್ಲ ನನ್ನದು — ಅಮ್ಮ ಇದು, ಅಂತ ಬಾಯಿ ತೆರೆದೆ, ನಿಜವಾಗಿ ತೆರೆದೆ, ಮಾತಾಡ್ಬೇಡ, ಈಗ ಹೇಳಿ ಎಂಥ ಪ್ರಯೋಜನ, ಪೂಜೆ ಮಾಡದೆ ಓಡಿಸಿದ್ದೀಯಲ್ಲ, ಅಂತ ತಟ್ಟೆಯನ್ನು ನನ್ನ ಕೈಗೆ ಕೊಟ್ಟುಬಿಟ್ಟಳು, ಕೈಗೆ ತಟ್ಟೆ ಬಂದ ಮೇಲೆ ಬಾಯಿ ಮುಚ್ಚಿಹೋಯಿತು, ಹೇಗೆ ಮುಚ್ಚಿತು, ಯಾರೂ ಮುಚ್ಚಲಿಲ್ಲ, ನನ್ನ ಬಾಯಿ ನಾನೇ — ಆ ಮುಖದಲ್ಲಿ ಅಂಥ ಬೆಳಕು ನೋಡದೆ ಎಷ್ಟು ಕಾಲವಾಗಿತ್ತು, ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು, ಕಾರ್ಕಳದ ಬಸ್ಸಿನಲ್ಲಿ ನಿಂತುಕೊಂಡೇ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬಂದವಳು, ಮಗ ದುಬೈಯಲ್ಲಿದ್ದಾನೆ ಅಂತ ಊರಲ್ಲಿ ಹೇಳುತ್ತಾಳೆ, ಅಬುಧಾಬಿ ಅಂದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲವಂತೆ.

ನೀರಲ್ಲಿ ಉಂಗುರದ ಬೆರಳು ಅದ್ದಿದಳು, ಕರಡಿಗೆಯಲ್ಲಿ ಒತ್ತಿದಳು, ನನ್ನ ತಲೆಯೊಳಗೆ ಹಸಿ ಇದೆ ಹಸಿ ಇದೆ ಅಂತ ಒಂದೇ ಸಮನೆ, ಅಮ್ಮ ಅಲ್ಲಿ ಬೇಡ, ಗಾಜಿಗೆ ಇಡು ಅಂದೆ, ಅಷ್ಟು ಮಾತ್ರ ಬಂತು ಬಾಯಿಗೆ, ಕಾರು ನಮ್ಮದಲ್ಲ ಅನ್ನುವುದು ಬರಲಿಲ್ಲ, ಗಾಜಿಗೆ ಇಟ್ಟರೆ ನಾಳೆ ಒರೆಸ್ತಿ ನೀನು ಅಂತ ಬಾನೆಟ್ಟಿನ ನಡುವಿಗೇ ಒತ್ತಿದಳು, ಬೀಡಿಯ ನೂಲು ಸುತ್ತಿ ಸುತ್ತಿ ತುದಿ ಚಪ್ಪಟೆಯಾದ ಬೆರಳು, ಒತ್ತಿ ಒಂದು ಸುತ್ತು ತಿರುಗಿಸಿದಳು, ಬಿಳಿಯ ಮೇಲೆ ಕೆಂಪು, ಅದರಿಂದ ಒಂದು ಹನಿ ನೀರು ಕೆಳಗೆ ಗೆರೆ ಎಳೆಯುತ್ತಾ ಹೋಗಿ ನಂಬರ್ ಪ್ಲೇಟಿನ ಮೇಲೆ ನಿಂತಿತು — ಮತ್ತೆ ಲಿಂಬೆ, ಚಕ್ರಗಳ ಕೆಳಗೆ ನೀನೇ ಇಡು, ನನಗೆ ಬಗ್ಗಲಿಕ್ಕೆ ಆಗುವುದಿಲ್ಲ, ಇಟ್ಟೆ, ಇನ್ನು ಹತ್ತಿ ಮೆಲ್ಲ ಮುಂದೆ ತೆಗೆ, ಹತ್ತಿದೆ, ಸೀಟು ತೌಫೀಕನ ಉದ್ದ ಕಾಲಿಗೆ ಹಿಂದೆ ಸರಿದಿತ್ತು, ಕನ್ನಡಿಯಿಂದ ಅವನ ಜಪಮಣಿ ತೂಗುತ್ತಿತ್ತು, ಅದನ್ನು ತೆಗೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಇಟ್ಟೆ, ಇಟ್ಟೆನಲ್ಲ, ಅಮ್ಮನಿಗೆ ಕಾಣಬಾರದೆಂದು, ಆ ಕೈ ನನ್ನದೇ, ಅಲ್ಲಿಯವರೆಗೆ ನಾನು ಸುಳ್ಳು ಹೇಳಿರಲಿಲ್ಲ ಅಂತ ಹೇಳಿಕೊಳ್ಳಬಹುದಿತ್ತು, ಬಾಯಿ ಮುಚ್ಚಿದ್ದೇನೆ ಅಷ್ಟೇ ಅಂತ, ಲಿಂಬೆ ಚಕ್ರದ ಕೆಳಗೆ ಪಿಚಕ್ ಅಂದದ್ದು ಪಾದದವರೆಗೆ ಗೊತ್ತಾಯಿತು, ಅಮ್ಮ ಕೈಮುಗಿದು ನಿಂತಿದ್ದಳು, ಕಣ್ಣು ಮುಚ್ಚಿ, ತುಟಿ ಅಲುಗುತ್ತಿತ್ತು, ನನ್ನ ಹೆಸರು ಇತ್ತು ಅದರಲ್ಲಿ — ಒಂದು ಫೋಟೋ ತೆಗೆ, ನಿನ್ನ ತಂಗಿಗೆ ಕಳಿಸು, ಅವಳ ಗಂಡ ನೋಡ್ಲಿ, ತೆಗೆದೆ, ಕಾರಿನ ಪಕ್ಕ ಅಮ್ಮ, ಕೈ ಕಾರಿನ ಮೇಲೆ ಇಡಬಹುದಾ ಅಂತ ಕೇಳಿದಳು, ಇಡು ಅಂದೆ, ಮನೆಯ ಗ್ರೂಪಿಗೆ ಹಾಕಿದೆ, ಅವಳು ನೋಡುತ್ತಾ ನಿಂತಿದ್ದಳು, ಹೋಯ್ತಾ, ಹೋಯ್ತು.

ಅವಳು ಕಾಯಿ ಹೋಳು ಮಾಡುತ್ತಾ ಆ ಕಡೆ ತಿರುಗಿದಾಗ ಮೆತ್ತನೆ ಬಟ್ಟೆ ತೆಗೆದುಕೊಂಡು ಒತ್ತಿದೆ, ಉಜ್ಜಲಿಲ್ಲ, ಬರೀ ಒತ್ತಿ ಎತ್ತಿದೆ, ಬಟ್ಟೆಗೆ ಬಂತು ಸ್ವಲ್ಪ, ಆದರೆ ಸುತ್ತಲೂ ಗುಲಾಬಿ ಬಣ್ಣದ ಒಂದು ಉಂಗುರ ಹರಡಿಬಿಟ್ಟಿತು, ಹಸಿಯೊಳಗೆ ಇಳಿದಿದೆ, ಇನ್ನು ಆ ಜಾಗದ ಸೀಲೆಂಟನ್ನೇ ಕಿತ್ತು ಪುನಃ ಹಾಕಬೇಕು, ನಾಳೆ ಮದುಮಗಳು ಕೂರುವ ಕಾರು — ಒರೆಸ್ಬೇಡಾ, ಅಂತ ಕೂಗಿದಳು, ಅದು ತಾನಾಗಿ ಹೋಗ್ಬೇಕು, ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು, ಅದೇ ಹೊತ್ತಿಗೆ ಗೇಟಿನಲ್ಲಿ ಯಾರದೋ ಪಿಕಪ್ಪು ನಿಂತು ತೌಫೀಕ್ ಇಳಿದ, ಸಂಜೆ ಬರುತ್ತೇನೆ ಎಂದವನು, ಜಯಣ್ಣ ಸಾರಿ ಆಯ್ತಾ, ದೇರಾದಿಂದ ಫೋನು ಮೇಲೆ ಫೋನು, ಈಗಲೇ ಹೊರಡ್ಬೇಕು, ಆಯ್ತಾ ನಮ್ಮ — ಅಲ್ಲಿಗೆ ನಿಂತಿತು ಮಾತು, ಬಾನೆಟ್ ನೋಡಿದ, ನೆಲದಲ್ಲಿ ಅಪ್ಪಚ್ಚಿಯಾದ ಲಿಂಬೆ ನೋಡಿದ, ನನ್ನನ್ನು ನೋಡಿದ, ನಾನು ಬಕೆಟ್ ನೋಡಿದೆ, ಅಮ್ಮ ತಟ್ಟೆ ಹಿಡಿದು ಅವನ ಮುಂದೆ ಹೋಗಿ ನಿಂತಳು, ತಗೊಳ್ಳಿ, ಕಾಯಿ ಬೆಲ್ಲ, ನಮ್ಮ ಜಯ ಕಾರು ತಗೊಂಡ, ನಿಮ್ಮ ಹೆಸರು ಗೊತ್ತಾಗ್ಲಿಲ್ಲ — ಬೈದುಬಿಡು ಮಾರಾಯ, ಇದೆಂಥ ಮಾಡಿದ್ದೀರಿ ಅಂತ ಕಿರುಚು, ಅಮ್ಮನ ಎದುರು ಎರಡು ಮಾತು ಜೋರು ಹೇಳು, ನಿನ್ನ ಬಾಯಿಂದಾದರೂ ಬರಲಿ ಅಂತ ನಾನು ನೆಲ ನೋಡುತ್ತಾ ಕಾದೆ, ಅವನು ಚಪ್ಪಲಿ ಕಳಚಿ ಬದಿಗಿಟ್ಟ, ಎರಡು ಕೈ ಚಾಚಿ ಹೋಳು ತೆಗೆದುಕೊಂಡ, ನಾನು ತೌಫೀಕ್ ಅಮ್ಮ, ಮೂಡಬಿದ್ರೆಯವ, ಕಾರು ಚಂದ ಉಂಟು, ನಿಮ್ಮ ಮಗ ಹೊಳೆಯುವ ಹಾಗೆ ಇಟ್ಕೊಂಡಿದ್ದಾರೆ, ಅಂದ, ತಿಂದ, ಮೂಡಬಿದ್ರೆಯಾ, ಹತ್ತಿರವೇ ಆಯ್ತಲ್ಲ, ಅಂತ ಅಮ್ಮನಿಗೆ ಮತ್ತೂ ಖುಷಿ, ನನ್ನ ಕಿವಿ ಕಾದು ಹೋಯಿತು, ಹೊಡೆದಿದ್ದರೆ ಇಷ್ಟು ಕಾಯುತ್ತಿರಲಿಲ್ಲ, ಆಮೇಲೆ ನನ್ನ ಕಡೆ ತಿರುಗಿದ, ದನಿ ಎಷ್ಟು ಮೆತ್ತಗೆ, ಜಯಣ್ಣ, ಒಂದು ರೌಂಡ್ ಹೊಡೆದು ನೋಡ್ಲಾ, ಅಂತ ಅಂಗೈ ಚಾಚಿದ, ತನ್ನ ಕಾರಿನ ಕೀಗೆ — ಕೊಡ್ಬೇಡ ಅಂತ ಅಮ್ಮ ನನ್ನ ತೋಳು ಹಿಡಿದಳು, ಅವನಿಗೆ ಕೇಳುವಷ್ಟು ಜೋರಾಗಿಯೇ, ತಪ್ಪು ತಿಳ್ಕೊಳ್ಬೇಡಿ, ಮೊದಲು ಮನೆಯವರು ಕೂತ್ಕೊಳ್ಬೇಕಲ್ಲ, ನಾನೇ ಇನ್ನೂ ಕೂತ್ಕೊಳ್ಳಲಿಲ್ಲ, ತೌಫೀಕ್ ಕೈ ಹಿಂದೆ ತೆಗೆಯಲಿಲ್ಲ, ಮುಂದೂ ತರಲಿಲ್ಲ, ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ನಾನು ಅಮ್ಮನ ಬೆರಳು ಬಿಡಿಸಿ ಕೀ ಕೊಟ್ಟೆ, ಅವ ನಮ್ಮವನೇ ಅಮ್ಮ ಅಂದೆ, ಈಗ ಬರ್ತಾನೆ ಅಂದೆ, ಅದನ್ನು ಯಾರೂ ನನ್ನಿಂದ ಹೇಳಿಸಲಿಲ್ಲ, ಹತ್ತುವಾಗ ತೌಫೀಕ್ ಕನ್ನಡಿಯ ಕಡೆ ಕೈ ಹಾಕಿ ಖಾಲಿ ಜಾಗ ಮುಟ್ಟಿ ಕೈ ಇಳಿಸಿದ, ಗೇಟು ದಾಟುವಾಗ ಬಿಸಿಲಿಗೆ ಬಾನೆಟ್ಟು ಕಣ್ಣು ಕುಕ್ಕಿತು, ಅಷ್ಟು ಚೆನ್ನಾಗಿ ಬಂದಿತ್ತು ಹೊಳಪು, ಅದರ ನಡುವೆ ಕುಂಕುಮ.

ಈಗ ಅಮ್ಮ ಬಕೆಟ್ ಕವುಚಿ ಹಾಕಿ ಗೇಟಿಗೆ ಮುಖ ಮಾಡಿ ಕೂತಿದ್ದಾಳೆ, ಮೇಲೆ ಹೋಗುವ ಬಾ, ಸೆಕೆ ಅಂದರೆ, ಅವ ಬರ್ಲಿ, ಬಂದ ಮೇಲೆ ನಾನೊಂದು ಕೂತು ನೋಡ್ತೇನೆ, ಅಂತಾಳೆ, ಇಲ್ಲಿ ಒಂದು ರೌಂಡ್ ಅಂದ್ರೆ ಎಷ್ಟು ದೂರ ಮಗಾ, ದೊಡ್ಡ ಊರಲ್ವಾ ಅಂದೆ, ಹೌದು ದೊಡ್ಡದು, ಅಂತ ಒಪ್ಪಿದಳು, ತಗಡಿನ ನೆರಳು ಅವಳ ಮೊಣಕಾಲಿನವರೆಗೆ ಸರಿದಿದೆ, ಪಾದ ಬಿಸಿಲಲ್ಲಿ, ನನ್ನ ಜೇಬು ನಡುಗುತ್ತಿದೆ, ಗ್ರೂಪಿನಲ್ಲಿ ತಂಗಿ, ಭಾವ, ಭಾವನ ಅಣ್ಣ, ಅಭಿನಂದನೆ, ಕೈಮುಗಿದ ಚಿತ್ರ, ಹೂವಿನ ಚಿತ್ರ, ಅದರ ನಡುವೆ ಲೋಲಾಕ್ಷಿಯದ್ದು, ನನಗೊಬ್ಬನಿಗೇ, ಇದೆಂಥ ಫೋಟೋ, ನೀವಿನ್ನೂ ಹೇಳ್ಲಿಲ್ವಾ — ಹೇಳುತ್ತೇನೆ, ಈಗ ಹೇಳುತ್ತೇನೆ, ಅವಳ ಪಕ್ಕದಲ್ಲಿ ಕೂತು, ಅಮ್ಮ ಅದು ತೌಫೀಕನದ್ದು, ಅವ ಈಗ ದುಬೈಯ ಹೈವೇಯಲ್ಲಿರುತ್ತಾನೆ, ಅವ ಬರುವುದಿಲ್ಲ, ಅಷ್ಟೇ ಮಾತು, ಕುಕ್ಕರಗಾಲಿನಲ್ಲಿ ಕೂತೆ, ಅಮ್ಮ ಅಂದೆ, ಶ್ ಅಂದಳು, ತಿರುವಿನಲ್ಲಿ ಒಂದು ಬಿಳಿ ಕಾರು, ಕಣ್ಣಿಗೆ ಕೈ ಅಡ್ಡ ಹಿಡಿದು ಅರ್ಧ ಎದ್ದಳು, ಕಾರು ಹತ್ತಿರ ಬಂತು, ಹೋಯಿತು, ಅಲ್ಲ, ಕುಂಕುಮ ಇಲ್ಲ, ಅಂತ ಕೂತಳು, ಈ ಊರಲ್ಲಿ ಎಲ್ಲ ಕಾರೂ ಬಿಳಿಯೇ, ಬಿಸಿಲಿಗೆ ಅಂತ ಎಲ್ಲರೂ ಬಿಳಿಯೇ ತೆಗೆದುಕೊಳ್ಳುತ್ತಾರೆ, ಅಮ್ಮ, ಅಂದೆ, ಇನ್ನೊಂದು ಬರ್ತಾ ಉಂಟು ನೋಡು, ಅರ್ಧ ಎದ್ದಳು, ಒಂದು ಕೈ ನನ್ನ ಹೆಗಲ ಮೇಲೆ ಊರಿ, ಆ ಬೆರಳ ತುದಿ ಇನ್ನೂ ಕೆಂಪು, ಅಲ್ಲ, ಕೂತಳು, ಬಿಳಿ ಕಾರು, ಅರ್ಧ ಎದ್ದಳು, ಕೂತಳು, ಬಿಳಿ ಕಾರು, ಅರ್ಧ ಎದ್ದು